ಕುಸಿಯದ ಮೆತ್ತನೆ ಮೇಜು: ನಾನ್‌ಲೀನಿಯರ್ ಸ್ಪ್ರಿಂಗ್ ಬಳಸಿ ಕಂಪನ ತಡೆಯುವ ಬಗೆ

ಮೈಕ್ರೋಸ್ಕೋಪಿನ ಕೆಳಗೆ ಒಂದು ಪಿನ್ ಇಟ್ಟು ಅದರ ಅಂಚು ನೋಡುತ್ತಿದ್ದೀರಿ. ಗೋಡೆಯಾಚೆ ಕಂಪ್ರೆಸರ್ ಶುರುವಾಗುತ್ತದೆ. ಇಷ್ಟು ಹೊತ್ತು ಒಂದೇ ಗೆರೆಯಾಗಿದ್ದ ಅಂಚು ಈಗ ಎರಡಾಗಿ, ಮಸುಕಾಗಿ ಕಾಣುತ್ತದೆ. ಅಳತೆ ಬರೆದುಕೊಳ್ಳಲು ಕಂಪ್ರೆಸರ್ ನಿಲ್ಲುವವರೆಗೆ ಕಾಯಬೇಕು. ನಮ್ಮ ಶೆಡ್ಡಿನಲ್ಲಿ ಎಷ್ಟೋ ದಿನ ಹೀಗೇ ನಡೆಯಿತು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಮೇಜಿನ ಕಾಲಿಗೆ ರಬ್ಬರ್. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಮೆತ್ತನೆ ಸ್ಪ್ರಿಂಗ್ ಹಾಕಿದೆವು. ಮೇಜು ತೊಟ್ಟಿಲಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು, ಕಾಲೇಜಿನಲ್ಲಿ 'ಇದು ಪರೀಕ್ಷೆಗೆ ಬರಲ್ಲ' ಅಂತ ಬಿಟ್ಟುಬಿಟ್ಟಿದ್ದ ನಾನ್‌ಲೀನಿಯರ್ ಪಾಠ, ಅಂದರೆ ಎರಡು ಪಟ್ಟು ಬಲಕ್ಕೆ ಸರಿಯಾಗಿ ಎರಡು ಪಟ್ಟು ತಗ್ಗದ ಸ್ಪ್ರಿಂಗುಗಳ ಪಾಠ.

ಅದನ್ನೇ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಮೈಕ್ರೋಸ್ಕೋಪೂ ಸೇರಿ 10 ಕೆ.ಜಿ. ತೂಗುವ ಒಂದು ಸಣ್ಣ ಮೇಜು. ಕ್ಯಾಲ್ಕುಲೇಟರ್ ಒಂದಿದ್ದರೆ ಲೆಕ್ಕ ಪೂರ್ತಿ ಮಾಡಬಹುದು.

ಮೊದಲು ಅಳೆಯಿರಿ

ಫೋನಿನಲ್ಲಿ ಫೈಫಾಕ್ಸ್ ಅನ್ನುವ ಆಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಫೋನನ್ನು ನೆಲದ ಮೇಲೆ ಅಂಗಾತ ಮಲಗಿಸಿ. ಅಕ್ಸೆಲೆರೇಷನ್ ಸ್ಪೆಕ್ಟ್ರಮ್ ತೆರೆದು, ಕಂಪ್ರೆಸರ್ ಓಡುತ್ತಿರುವಾಗ ಒಂದು ನಿಮಿಷ ಬಿಡಿ. ಒಂದು ಕಡೆ ಗೋಪುರದ ಹಾಗೆ ಒಂದು ಗೆರೆ ಏಳುತ್ತದೆ. ನಮ್ಮಲ್ಲಿ ಅದು 12 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 12 ಕಂಪನದಲ್ಲಿ ಎದ್ದಿತು. ಕಂಪ್ರೆಸರಿನ ವೇಗ ನಿಮಿಷಕ್ಕೆ 720 ಸುತ್ತು. 60ರಿಂದ ಭಾಗಿಸಿದರೆ 12. ಎರಡೂ ತಾಳೆಯಾದವು. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ. ಅಲುಗಿಸುತ್ತಿರುವುದು ಕಂಪ್ರೆಸರ್ ಅಲ್ಲದೆ ಬೇರೆ ಏನೋ ಇರಬಹುದು.

ಈ ಹಂತ ಬಿಟ್ಟು ನೇರ ಸ್ಪ್ರಿಂಗ್ ಕೊಳ್ಳಲು ಹೋಗುವವರೇ ಜಾಸ್ತಿ. ಯಾವ ಕಂಪನ ತಡೆಯಬೇಕು ಅಂತ ಗೊತ್ತಿಲ್ಲದೆ ಸ್ಪ್ರಿಂಗ್ ಆರಿಸುವುದು, ಕಾಲಿನ ಅಳತೆ ತಿಳಿಯದೆ ಚಪ್ಪಲಿ ಕೊಂಡ ಹಾಗೆ.

ನೆಲ ಎಷ್ಟು ಅಲುಗುತ್ತದೆ ಅನ್ನುವುದೂ ಬೇಕು. 12 ಹರ್ಟ್ಸ್‌ನಲ್ಲಿ ಅಕ್ಸೆಲೆರೇಷನ್ ಸುಮಾರು 0.057 ಮೀ/ಸೆ² ಇದ್ದರೆ ನೆಲ 10 ಮೈಕ್ರಾನ್ ಮೇಲೆ, 10 ಮೈಕ್ರಾನ್ ಕೆಳಗೆ ಆಡುತ್ತಿದೆ ಎಂದರ್ಥ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಕಾಲಿಗೆ ಗೊತ್ತಾಗುವುದೇ ಕಷ್ಟ. ಆದರೆ ಮೈಕ್ರಾನ್ ಲೆಕ್ಕದಲ್ಲಿ ಅಳೆಯುವವನಿಗೆ ಅದು ಭೂಕಂಪ.

ಸಾದಾ ಸ್ಪ್ರಿಂಗ್ ಯಾಕೆ ಸಾಲದು

ಎರಡು ಪಟ್ಟು ತೂಕ ಇಟ್ಟರೆ ಎರಡು ಪಟ್ಟು ತಗ್ಗುವ ಸ್ಪ್ರಿಂಗ್‌ಗೆ ಲೀನಿಯರ್ ಸ್ಪ್ರಿಂಗ್ ಅನ್ನುತ್ತೇವೆ. ಇದಕ್ಕೆ ಒಂದು ಸುಲಭದ ಲೆಕ್ಕವಿದೆ. ತೂಕ ಕೂತಾಗ ಸ್ಪ್ರಿಂಗ್ ಎಷ್ಟು ಮಿ.ಮೀ. ತಗ್ಗಿತೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಬರುವುದೇ ಅದರ ಸ್ವಂತ ಫ್ರೀಕ್ವೆನ್ಸಿ, ಅಂದರೆ ತಟ್ಟಿ ಬಿಟ್ಟರೆ ಸೆಕೆಂಡಿಗೆ ತಾನಾಗಿ ಎಷ್ಟು ಸಲ ತೂಗುತ್ತದೆ ಅನ್ನುವುದು, ಹರ್ಟ್ಸ್‌ನಲ್ಲಿ. 10 ಮಿ.ಮೀ. ತಗ್ಗಿದರೆ 5 ಹರ್ಟ್ಸ್.

5 ಹರ್ಟ್ಸ್ ಮೇಜಿನ ಮೇಲೆ 12 ಹರ್ಟ್ಸ್ ಕಂಪನ ಎಷ್ಟು ದಾಟುತ್ತದೆ? ಎರಡರ ಅನುಪಾತ 2.4. ಅದರ ವರ್ಗ 5.76. ಒಂದು ಕಳೆದರೆ 4.76. ಒಂದನ್ನು ಅದರಿಂದ ಭಾಗಿಸಿದರೆ 0.21. ಅಂದರೆ ನೂರರಲ್ಲಿ 21 ಪಾಲು ಮೇಲೆ ಬರುತ್ತದೆ. 10 ಮೈಕ್ರಾನಿಗೆ 2 ಮೈಕ್ರಾನ್. ಇನ್ನೂ ಮಸುಕೇ.

ಮೇಜಿನ ಫ್ರೀಕ್ವೆನ್ಸಿ 2 ಹರ್ಟ್ಸ್‌ಗೆ ಇಳಿದರೆ? ಅನುಪಾತ 6, ವರ್ಗ 36, ದಾಟುವುದು ನೂರಕ್ಕೆ 3 ಪಾಲು. 10 ಮೈಕ್ರಾನಿಗೆ 0.3. ನಮಗೆ ಬೇಕಾದದ್ದು ಇದೇ. ಆದರೆ 2 ಹರ್ಟ್ಸ್ ಬರಲು ಸಾದಾ ಸ್ಪ್ರಿಂಗ್ 62 ಮಿ.ಮೀ. ತಗ್ಗಬೇಕು. ಅಷ್ಟು ಮೆತ್ತಗಿನ ಸ್ಪ್ರಿಂಗ್ ಮೇಲೆ ಮೈಕ್ರೋಸ್ಕೋಪ್ ಇಟ್ಟು ಫೋಕಸ್ ತಿರುಗಿಸಿ ನೋಡಿ. ಕೈ ತಾಕಿದ ಕಡೆ ವಾಲುತ್ತದೆ.

ನಮಗೆ ಬೇಕಾಗಿರುವುದು ತೂಕ ಹೊರುವಾಗ ಗಟ್ಟಿ, ಅಲುಗುವಾಗ ಮೆತ್ತಗೆ ಇರುವ ಸ್ಪ್ರಿಂಗ್. ಲೀನಿಯರ್ ಸ್ಪ್ರಿಂಗಿಗೆ ಇದು ಸಾಧ್ಯವಿಲ್ಲ. ಅದಕ್ಕೆ ಇರುವುದು ಒಂದೇ ಸ್ಟಿಫ್‌ನೆಸ್, ಅಂದರೆ ಒಂದು ಮಿ.ಮೀ. ತಗ್ಗಿಸಲು ಬೇಕಾದ ಬಲ.

ಉಲ್ಟಾ ಸ್ಪ್ರಿಂಗ್ ಅಂದರೇನು

ಜಾತ್ರೆಯಲ್ಲಿ ಸಿಗುತ್ತಿದ್ದ ತಗಡಿನ ಟಿಕ್ ಟಿಕ್ ಕಪ್ಪೆ ನೆನಪಿದೆಯಾ? ಒತ್ತಿದರೆ ಮೊದಲು ಎದುರು ತಳ್ಳುತ್ತದೆ. ಒಂದು ಹಂತ ದಾಟಿದ್ದೇ ತಾನೇ 'ಟಿಕ್' ಅಂತ ಆ ಕಡೆಗೆ ಹಾರುತ್ತದೆ. ಆ ನಡುವಿನ ಜಾಗದಲ್ಲಿ ತಗಡು ನಿಮ್ಮನ್ನು ತಡೆಯುವುದಿಲ್ಲ, ನೀವು ತಳ್ಳಿದ ಕಡೆಗೇ ತಾನೂ ತಳ್ಳುತ್ತದೆ. ಇದೇ ನೆಗೆಟಿವ್ ಸ್ಟಿಫ್‌ನೆಸ್.

ಕೈಯಲ್ಲೇ ಮಾಡಿ ನೋಡಬೇಕೆಂದರೆ ಒಂದು ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಳ್ಳಿ. ಎರಡೂ ತುದಿಯನ್ನು ಅಂಗೈಗಳ ನಡುವೆ ಹಿಡಿದು ಒತ್ತಿ. ಬಿಲ್ಲಿನ ಹಾಗೆ ಬಾಗುತ್ತದೆ. ಯಾರಿಗಾದರೂ ಹೇಳಿ, ನಡುವನ್ನು ಬೆರಳಿನಿಂದ ಆ ಕಡೆಗೆ ತಳ್ಳಲಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಸ್ಕೇಲ್ ಬೆರಳನ್ನು ಬಿಟ್ಟು ಓಡುತ್ತದೆ. ಒತ್ತಿದ ಕಂಬ ಯಾವಾಗ ಬಾಗುತ್ತದೆ ಅನ್ನುವ ಲೆಕ್ಕವನ್ನು ಗಣಿತಜ್ಞ ಆಯ್ಲರ್ 1744ರಲ್ಲೇ ಕೊಟ್ಟಿದ್ದ. ಕಂಬ ಬಾಗದಂತೆ ನೋಡಿಕೊಳ್ಳಲು ಇಂಜಿನಿಯರುಗಳು ಅಂದಿನಿಂದಲೂ ಆ ಲೆಕ್ಕ ಮಾಡುತ್ತಿದ್ದಾರೆ. ನಾವು ಇಲ್ಲಿ ಬೇಕೆಂದೇ ಅದರ ಹತ್ತಿರ ಹೋಗುತ್ತೇವೆ.

ತೂಕವನ್ನು ಸಾದಾ ಸ್ಪ್ರಿಂಗ್ ಹೊರಲಿ. ಪಕ್ಕದಲ್ಲಿ ಒಂದು ಉಲ್ಟಾ ಸ್ಪ್ರಿಂಗ್ ಇಟ್ಟು ಸಾದಾ ಸ್ಪ್ರಿಂಗಿನ ಸ್ಟಿಫ್‌ನೆಸ್‌ನಿಂದ ಸ್ವಲ್ಪ ಕಳೆಯೋಣ. ಉಳಿದದ್ದೇ ಅಲುಗುವಾಗಿನ ಸ್ಟಿಫ್‌ನೆಸ್. ಇದೇನು ಹೊಸದಲ್ಲ. ಭೂಕಂಪನ ಅಳೆಯುವ ಯಂತ್ರಕ್ಕಾಗಿ ಲೂಸಿಯನ್ ಲಕೋಸ್ಟ್ 1930ರ ದಶಕದಲ್ಲಿ ಸ್ಪ್ರಿಂಗನ್ನು ಓರೆಯಾಗಿ ಕಟ್ಟಿ ಹೀಗೇ ನಿಧಾನವಾಗಿ ತೂಗುವ ಲೋಲಕ ಮಾಡಿದ. ಆಗ ಆತ ಟೆಕ್ಸಾಸ್‌ನಲ್ಲಿ ವಿದ್ಯಾರ್ಥಿ.

ಜೋಡಣೆ ಮತ್ತು ಲೆಕ್ಕ

ಮೇಜಿನ ನಾಲ್ಕು ಮೂಲೆಗೆ ನಾಲ್ಕು ನಿಂತ ಸ್ಪ್ರಿಂಗ್. ಇವು ತೂಕ ಹೊರುತ್ತವೆ. ಮೇಜಿನ ನಡುವಿನ ಒಂದು ಗುಂಬದಿಂದ ಪ್ಲಸ್ ಆಕಾರದಲ್ಲಿ ನಾಲ್ಕು ಅಡ್ಡ ಸ್ಪ್ರಿಂಗ್, ಹೊರಗಿನ ಚೌಕಟ್ಟಿನ ಕಡೆಗೆ. ಇವು ಒತ್ತಿದ ಸ್ಥಿತಿಯಲ್ಲಿರುತ್ತವೆ. ಮೇಜು ತನ್ನ ಜಾಗದಲ್ಲಿ ಕೂತಾಗ ಅಡ್ಡ ಸ್ಪ್ರಿಂಗುಗಳು ಸರಿಯಾಗಿ ಸಮತಟ್ಟಾಗಿರಬೇಕು. ಆಗ ಅವು ಮೇಲಕ್ಕೂ ತಳ್ಳುವುದಿಲ್ಲ, ಕೆಳಕ್ಕೂ ತಳ್ಳುವುದಿಲ್ಲ. ಮೇಜು ಒಂದು ಕೂದಲಷ್ಟು ಮೇಲೆ ಹೋದರೆ ಇನ್ನೂ ಮೇಲೆ ನೂಕುತ್ತವೆ, ಕೆಳಗೆ ಬಂದರೆ ಇನ್ನೂ ಕೆಳಗೆ. ಸ್ಕೇಲಿನ ಕತೆಯೇ.

ಅಡ್ಡ ಸ್ಪ್ರಿಂಗುಗಳು ಕಳೆಯುವ ಸ್ಟಿಫ್‌ನೆಸ್ ಹೀಗೆ ಬರುತ್ತದೆ:

ನಾಲ್ಕೂ ಅಡ್ಡ ಸ್ಪ್ರಿಂಗಿನ ಸ್ಟಿಫ್‌ನೆಸ್ ಮೊತ್ತ × (ಬಿಡಿಯಾಗಿದ್ದಾಗಿನ ಉದ್ದ ÷ ಒತ್ತಿದಾಗಿನ ಉದ್ದ − 1)

ನಮ್ಮ ಅಂಕಿಗಳನ್ನು ಹಾಕೋಣ. ನಿಂತ ಸ್ಪ್ರಿಂಗ್ ಒಂದೊಂದು ಮಿ.ಮೀ.ಗೆ 2.45 ನ್ಯೂಟನ್, ನಾಲ್ಕೂ ಸೇರಿ 9.81. ಹಾಗಾಗಿ 10 ಕೆ.ಜಿ.ಗೆ 10 ಮಿ.ಮೀ. ತಗ್ಗುತ್ತದೆ. 2 ಹರ್ಟ್ಸ್‌ಗೆ ಉಳಿಯಬೇಕಾದದ್ದು ಮಿ.ಮೀ.ಗೆ 1.58 ನ್ಯೂಟನ್. ಕಳೆಯಬೇಕಾದದ್ದು 8.23. ಅಡ್ಡ ಸ್ಪ್ರಿಂಗಿನ ಬಿಡಿ ಉದ್ದ 60 ಮಿ.ಮೀ., ಒತ್ತಿದಾಗ 50 ಅಂತ ಇಟ್ಟುಕೊಂಡರೆ ಆವರಣದ ಒಳಗಿನದು 0.2. ಮೊತ್ತ 41.2 ಬೇಕು, ಅಂದರೆ ಒಂದೊಂದಕ್ಕೆ 10.3.

ಸ್ಪ್ರಿಂಗ್ ಸುತ್ತುವವರ ಬಳಿ ಹೋದಾಗ ಹೀಗೆ ಹೇಳಿ: ತಂತಿ 3 ಮಿ.ಮೀ., ಸುರುಳಿಯ ಸರಾಸರಿ ವ್ಯಾಸ 25, ಕೆಲಸ ಮಾಡುವ ಸುತ್ತು 5, ತುದಿ ಗ್ರೈಂಡ್ ಮಾಡಿ ಕೊಡಿ. ಇದು 10.2ರ ಸುಮಾರಿಗೆ ಬರುತ್ತದೆ, ಸಾಕು. ವ್ಯಾಸ 25 ಯಾಕೆಂದರೆ, ಎರಡೂ ತುದಿ ತಿರುಗುವ ಹಾಗಿದ್ದಾಗ ಸ್ಪ್ರಿಂಗಿನ ಉದ್ದ ವ್ಯಾಸದ 2.6 ಪಟ್ಟಿಗಿಂತ ಜಾಸ್ತಿಯಾದರೆ ಒತ್ತಿದಾಗ ಪಕ್ಕಕ್ಕೆ ಉಬ್ಬಬಹುದು. 25ಕ್ಕೆ 65ರವರೆಗೆ ಸರಿ, ನಮ್ಮದು 60.

ಒತ್ತಿದಾಗ ಒಂದೊಂದರಲ್ಲೂ 100 ನ್ಯೂಟನ್‌ಗೂ ಹೆಚ್ಚು ಬಲ ಇರುತ್ತದೆ, ಹತ್ತು ಕೆ.ಜಿ. ತೂಕದಷ್ಟು. ಜೋಡಿಸುವಾಗ ಜಾರಿದರೆ ಮುಖಕ್ಕೇ ಬರುತ್ತದೆ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಒಳಗೆ ಸಡಿಲವಾಗಿ ಒಂದು ಸರಳು ತೂರಿಸಿಡಿ. ಅದು ಸ್ಪ್ರಿಂಗಿಗೆ ತಾಕಬಾರದು, ಹಾರುವುದನ್ನು ಮಾತ್ರ ತಡೆಯಬೇಕು.

ಒಂದು ಮಿಲಿಮೀಟರಿನ ಬೆಲೆ

ಇಲ್ಲಿ ಸ್ವಲ್ಪ ನಿಧಾನಿಸಿ. ಲೀನಿಯರ್ ಡಿಸೈನಿನಲ್ಲಿ ಅಳತೆ ಒಂದೆರಡು ಪರ್ಸೆಂಟ್ ತಪ್ಪಿದರೆ ಉತ್ತರವೂ ಕೆಲವೇ ಪರ್ಸೆಂಟ್ ತಪ್ಪುತ್ತದೆ. ಇಲ್ಲಿ ಹಾಗಲ್ಲ. ನಾವು ದೊಡ್ಡ ಸಂಖ್ಯೆಯಿಂದ ಇನ್ನೊಂದು ದೊಡ್ಡ ಸಂಖ್ಯೆ ಕಳೆದು ಉಳಿದ ಪುಡಿಯ ಮೇಲೆ ಮೇಜು ನಿಲ್ಲಿಸುತ್ತಿದ್ದೇವೆ. ಆ ಪುಡಿ ಬಹಳ ಬೇಗ ಕರಗುತ್ತದೆ.

ಅಡ್ಡ ಸ್ಪ್ರಿಂಗಿನ ಒತ್ತಿದ ಉದ್ದ ಬದಲಾದಾಗ ಮೇಜಿನ ಫ್ರೀಕ್ವೆನ್ಸಿ ಏನಾಗುತ್ತದೆ ನೋಡಿ:

60 ಮಿ.ಮೀ. (ಒತ್ತೇ ಇಲ್ಲ): 5 ಹರ್ಟ್ಸ್
55: 3.9
52: 3.0
51: 2.5
50: 2.0
49: 1.2
48.5: 0.36
48: ಮೇಜು ನಿಲ್ಲುವುದೇ ಇಲ್ಲ

ಮೊದಲ 5 ಮಿ.ಮೀ. ಒತ್ತಿದಾಗ ಬದಲಾದದ್ದು ಸುಮಾರು ಒಂದು ಹರ್ಟ್ಸ್. ಕೊನೆಯಲ್ಲಿ ಅರ್ಧ ಮಿ.ಮೀ.ಗೆ ಅಷ್ಟೇ ಬದಲಾಗುತ್ತದೆ. 48.45ರ ಹತ್ತಿರ ಉಳಿದ ಸ್ಟಿಫ್‌ನೆಸ್ ಸೊನ್ನೆ. ಅದನ್ನು ದಾಟಿದರೆ ಮೇಜು ಟಿಕ್ ಟಿಕ್ ಕಪ್ಪೆಯಾಗುತ್ತದೆ. 48ಕ್ಕೆ ಬಂದರೆ ನಡುವಿನಲ್ಲಿ ಕೂರದೆ ಆರೂವರೆ ಮಿ.ಮೀ. ಮೇಲೆ ಅಥವಾ ಆರೂವರೆ ಮಿ.ಮೀ. ಕೆಳಗೆ ಹೋಗಿ ಕೂರುತ್ತದೆ. ಯಾವ ಕಡೆ ಅನ್ನುವುದು ಅವತ್ತಿನ ಅದೃಷ್ಟ.

ಹೀಗೆ ಎರಡು ಕಡೆ ಕೂರುವ ವಸ್ತುವನ್ನು ಜೋರಾಗಿ ಅಲುಗಿಸಿದರೆ ಇನ್ನೊಂದು ತಮಾಷೆ ಆಗುತ್ತದೆ. 1979ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೂನ್ ಮತ್ತು ಹೋಮ್ಸ್ ಅನ್ನುವ ಸಂಶೋಧಕರು ಒಂದು ಉಕ್ಕಿನ ಪಟ್ಟಿಯನ್ನು ಎರಡು ಆಯಸ್ಕಾಂತಗಳ ಮೇಲೆ ತೂಗುಬಿಟ್ಟು ಅಲುಗಿಸಿದರು. ಅಲುಗಿಸಿದ್ದು ಒಂದೇ ತಾಳದಲ್ಲಿ. ಪಟ್ಟಿ ಮಾತ್ರ ತಾಳ ತಪ್ಪಿ, ಯಾವಾಗ ಯಾವ ಕಡೆ ಹಾರುತ್ತದೆಂದು ಹೇಳಲಾಗದ ಹಾಗೆ ಕುಣಿಯಿತು. ಕೇಯಾಸ್ ಅಂದರೆ ಇದೇ. ಪಾಠಕ್ಕೆ ಚೆನ್ನ, ಮೈಕ್ರೋಸ್ಕೋಪ್ ಕೆಳಗೆ ಬೇಡ.

ಸ್ಪ್ರಿಂಗ್ ಅಂಗಡಿಯ ತಂತಿ 3 ಮಿ.ಮೀ. ಬದಲು 3.05 ಇತ್ತು ಅನ್ನಿ. ಸ್ಟಿಫ್‌ನೆಸ್ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅಷ್ಟಕ್ಕೇ 7 ಪರ್ಸೆಂಟ್ ಜಾಸ್ತಿ. ಮೇಜು 2ರಿಂದ 1.6 ಹರ್ಟ್ಸ್‌ಗೆ ಬಂದುಬಿಡುತ್ತದೆ. ಬಿಡಿ ಉದ್ದ 60 ಬದಲು 61 ಬಂದರೆ 1.4.

ಆದ್ದರಿಂದ ಡ್ರಾಯಿಂಗಿನಲ್ಲಿ ಅಳತೆ ಬಿಗಿ ಮಾಡಿ ಗೆಲ್ಲಲು ಹೋಗಬೇಡಿ. ದುಡ್ಡು ಜಾಸ್ತಿ, ಫಲ ಕಡಿಮೆ. ಪ್ರತಿ ಅಡ್ಡ ಸ್ಪ್ರಿಂಗಿನ ಹೊರತುದಿಗೆ ಒಂದು ಸ್ಕ್ರೂ ಕೊಡಿ. ಎಂ8 ಫೈನ್ ತ್ರೆಡ್ ಸಾಕು, ಪಿಚ್ 1 ಮಿ.ಮೀ. ಒಂದು ಸುತ್ತಿಗೆ ಒಂದು ಮಿ.ಮೀ., ಲೆಕ್ಕ ಸುಲಭ. ನಾಲ್ಕನ್ನೂ ಒಂದೊಂದು ಸುತ್ತು ತಿರುಗಿಸಿದರೆ ಮೇಜಿನ ಸ್ಟಿಫ್‌ನೆಸ್‌ನಲ್ಲಿ ಮಿ.ಮೀ.ಗೆ ಸುಮಾರು ಒಂದು ನ್ಯೂಟನ್ ಇಳಿಯುತ್ತದೆ.

'ಸೊನ್ನೆ ಹತ್ತಿರ ಹೋದಷ್ಟೂ ಒಳ್ಳೆಯದು ಅಲ್ವಾ?' ಅಂತ ಕೇಳುವವರಿದ್ದಾರೆ. 2ರಿಂದ 1.2 ಹರ್ಟ್ಸ್‌ಗೆ ಹೋದರೆ ದಾಟುವ ಕಂಪನ ನೂರಕ್ಕೆ 3ರಿಂದ 1ಕ್ಕೆ ಇಳಿಯುತ್ತದೆ. ಸಿಕ್ಕಿದ್ದು ಎರಡು ಪಾಲು. ಬದಲಿಗೆ, ಮೇಜು ಪಲ್ಟಿ ಹೊಡೆಯಲು ಉಳಿದಿದ್ದ ಒಂದೂವರೆ ಮಿ.ಮೀ. ಅಂತರದಲ್ಲಿ ಮೂರನೇ ಎರಡು ಭಾಗ ಖರ್ಚಾಯಿತು. ನಾನಾದರೆ ಈ ವ್ಯಾಪಾರ ಮಾಡುವುದಿಲ್ಲ.

ತೂಕ ಬದಲಾದರೆ

ಮೇಜಿನ ಮೇಲೆ ಅರ್ಧ ಕೆ.ಜಿ.ಯ ಒಂದು ಸಾಮಾನು ಜಾಸ್ತಿ ಇಟ್ಟಿರಿ. ಸಾದಾ ಸ್ಪ್ರಿಂಗ್ ಮೇಲಿದ್ದರೆ ಅರ್ಧ ಮಿ.ಮೀ. ತಗ್ಗುತ್ತಿತ್ತು. ಇಲ್ಲಿ 3 ಮಿ.ಮೀ. ತಗ್ಗುತ್ತದೆ, ಅಡ್ಡ ಸ್ಪ್ರಿಂಗುಗಳು ಓರೆಯಾಗುತ್ತವೆ. ಅದಕ್ಕೇ ನಿಂತ ಸ್ಪ್ರಿಂಗುಗಳ ಕೆಳಗೂ ಎತ್ತರ ಸರಿಮಾಡುವ ಸ್ಕ್ರೂ ಬೇಕು. ಗಂಟೆಗೊಮ್ಮೆ ತೂಕ ಬದಲಾಗುವ ಕೆಲಸವಾದರೆ ಈ ಜೋಡಣೆಯೇ ಬೇಡ. ಗಾಳಿ ತುಂಬಿದ ಸ್ಪ್ರಿಂಗ್ ನೋಡಿ. ಮೈಕ್ರೋಸ್ಕೋಪ್ ಭಾರವಾಗಿ ಮೇಲೆ ನಿಂತಿದ್ದರೆ ಮೇಜಿನ ಕೆಳಗೆ ಒಂದು ದಪ್ಪ ಉಕ್ಕಿನ ಪ್ಲೇಟ್ ಕಟ್ಟಿ ತೂಕದ ನಡುಬಿಂದುವನ್ನು ಅಡ್ಡ ಸ್ಪ್ರಿಂಗುಗಳ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ವಾಲುತ್ತದೆ. ಆ ಪ್ಲೇಟಿನ ತೂಕವೂ 10 ಕೆ.ಜಿ.ಯಲ್ಲೇ ಸೇರಿರಬೇಕು.

ಹಾರುವ ಕರ್ವ್

ಇಷ್ಟು ಹೊತ್ತು ಮೇಜು ಸಣ್ಣಗೆ ಅಲುಗುತ್ತದೆ ಅಂತಲೇ ಲೆಕ್ಕ ಮಾಡಿದೆವು. ಜಾಸ್ತಿ ಅಲುಗಿದರೆ ಅಡ್ಡ ಸ್ಪ್ರಿಂಗುಗಳು ಓರೆಯಾಗಿ ಹಿಗ್ಗುತ್ತವೆ, ಅವುಗಳ ಉಲ್ಟಾ ತಳ್ಳು ಕಡಿಮೆಯಾಗುತ್ತದೆ, ಮೇಜು ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಮೇಜಿಗೆ ಬಲದ ಲೆಕ್ಕ ಹೀಗೆ ಬರುತ್ತದೆ, ದೂರ ಮಿ.ಮೀ.ನಲ್ಲಿ, ಬಲ ನ್ಯೂಟನ್‌ನಲ್ಲಿ:

ಬಲ = 1.58 × ದೂರ + 0.0099 × ದೂರ × ದೂರ × ದೂರ

ಒಂದು ಮಿ.ಮೀ. ಅಲುಗಿದರೆ ಎರಡನೆಯ ಭಾಗ ಲೆಕ್ಕಕ್ಕೇ ಇಲ್ಲ. 5 ಮಿ.ಮೀ.ಗೆ ಮೊದಲನೆಯದು 7.9, ಎರಡನೆಯದು 1.2. 10 ಮಿ.ಮೀ. ಆಚೀಚೆ ತೂಗಿದರೆ ಮೇಜಿನ ಫ್ರೀಕ್ವೆನ್ಸಿ 2ರಿಂದ 2.4ಕ್ಕೆ ಏರುತ್ತದೆ. ಅಂದರೆ ಫ್ರೀಕ್ವೆನ್ಸಿ ಎಷ್ಟು ಅನ್ನುವುದು ಎಷ್ಟು ಅಲುಗುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಲೀನಿಯರ್ ಪಾಠದಲ್ಲಿ ಈ ಮಾತೇ ಇಲ್ಲ.

ಜರ್ಮನಿಯ ಇಂಜಿನಿಯರ್ ಗಿಯೋರ್ಗ್ ಡಫಿಂಗ್ 1918ರಲ್ಲಿ ಈ ಬಗೆಯ ಸ್ಪ್ರಿಂಗನ್ನು ಹಿಡಿದು ಕೂತ. ಇವತ್ತಿಗೂ ಈ ಸಮೀಕರಣಕ್ಕೆ ಅವನದೇ ಹೆಸರು. ಇದರ ವಿಚಿತ್ರ ಇಷ್ಟೇ: ಅಲುಗಿಸುವ ವೇಗವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಅಲುಗಾಟ ಬೆಳೆಯುತ್ತದೆ, ಬೆಳೆಯುತ್ತಾ ಗ್ರಾಫಿನ ಗೆರೆ ಬಲಕ್ಕೆ ವಾಲುತ್ತದೆ, ಒಂದು ಕಡೆ ಧೊಪ್ಪನೆ ಬಿದ್ದುಹೋಗುತ್ತದೆ. ಈಗ ವೇಗ ಇಳಿಸುತ್ತಾ ಬನ್ನಿ. ಬಿದ್ದ ಜಾಗದಲ್ಲಿ ಏಳುವುದಿಲ್ಲ, ಇನ್ನೂ ಕೆಳಗಿನ ವೇಗಕ್ಕೆ ಬಂದಾಗ ದಿಢೀರನೆ ಏಳುತ್ತದೆ. ನಡುವಿನ ವೇಗಗಳಲ್ಲಿ ಎರಡು ಉತ್ತರ, ಎರಡೂ ಸರಿ. ಯಾವುದು ಸಿಗುತ್ತದೆ ಅನ್ನುವುದು ನೀವು ಯಾವ ಕಡೆಯಿಂದ ಬಂದಿರಿ ಅನ್ನುವುದರ ಮೇಲಿದೆ.

ನಮ್ಮ ಮೇಜಿಗೆ ಇದು ಕಾಡುತ್ತದಾ? ಡ್ಯಾಂಪಿಂಗ್, ಅಂದರೆ ತೂಗಾಟವನ್ನು ತಾನಾಗಿ ಅಡಗಿಸುವ ಗುಣ, 5 ಪರ್ಸೆಂಟ್ ಇದೆ ಅನ್ನಿ. ಹೆಬ್ಬೆರಳ ಲೆಕ್ಕ ಇದು: ಅಲುಗಾಟದಿಂದ ಫ್ರೀಕ್ವೆನ್ಸಿ ಎಷ್ಟು ಪರ್ಸೆಂಟ್ ಸರಿಯುತ್ತದೋ ಅದು ಡ್ಯಾಂಪಿಂಗ್ ಪರ್ಸೆಂಟಿನ ಒಳಗಿದ್ದರೆ ಹಾರುವುದಿಲ್ಲ. ಅದರ ಎರಡು ಪಟ್ಟಾದರೆ ಹಾರುತ್ತದೆ. ನಮ್ಮಲ್ಲಿ 5 ಪರ್ಸೆಂಟ್ ಸರಿಯಲು ಮೇಜು ನಾಲ್ಕೂವರೆ ಮಿ.ಮೀ. ತೂಗಬೇಕು. ನೆಲ ಅಲುಗುವುದು 10 ಮೈಕ್ರಾನ್. ಹತ್ತಿರಕ್ಕೂ ಬರುವುದಿಲ್ಲ. ಯಾರಾದರೂ ಮೇಜಿಗೆ ಒರಗಿದರೆ, ಮೇಲೆ ಏನಾದರೂ ಬಿದ್ದರೆ ಅಷ್ಟೇ ಭಯ. ಅದಕ್ಕೆ 5 ಮಿ.ಮೀ. ಮೇಲೆ ಕೆಳಗೆ ರಬ್ಬರ್ ತಡೆ ಇಡಿ.

ಇದೇ ಜೋಡಣೆಯನ್ನು ಟ್ರ್ಯಾಕ್ಟರ್ ಸೀಟಿಗೆ ಹಾಕುವುದಾದರೆ ಮಾತು ಬೇರೆ. ಅಲ್ಲಿ ಅಲುಗಾಟ ಸೆಂಟಿಮೀಟರ್ ಲೆಕ್ಕ. ಆಗ ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡಲೇಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಪೈ ಲೈಬ್ರರಿ ಸಾಕು. ಮೇಲಿನ ಬಲದ ಸಾಲು, ಡ್ಯಾಂಪಿಂಗ್, ನೆಲದ ಅಲುಗಾಟ ಮೂರನ್ನೂ ಹಾಕಿ ಕಾಲದೊಂದಿಗೆ ಓಡಿಸಿ. ಪ್ರತಿ ವೇಗದಲ್ಲೂ ಮೊದಲ 30 ತೂಗಾಟ ಬಿಟ್ಟು ಆಮೇಲಿನದನ್ನು ಬರೆದುಕೊಳ್ಳಿ. ಎಲ್ಲರೂ ಎಡವುವ ಜಾಗ ಒಂದಿದೆ: ಹೊಸ ವೇಗಕ್ಕೆ ಹೋದಾಗ ಸೊನ್ನೆಯಿಂದ ಶುರು ಮಾಡಬೇಡಿ. ಹಿಂದಿನ ವೇಗ ಎಲ್ಲಿ ಮುಗಿಯಿತೋ ಅಲ್ಲಿಂದಲೇ ಮುಂದುವರಿಸಿ. ಒಮ್ಮೆ ವೇಗ ಏರಿಸುತ್ತಾ ಓಡಿಸಿ, ಒಮ್ಮೆ ಇಳಿಸುತ್ತಾ. ಎರಡು ಗ್ರಾಫ್ ಒಂದರ ಮೇಲೊಂದು ಕೂತರೆ ಸರಿ. ಕೂರದೆ ನಡುವೆ ಒಂದು ಕಿಟಕಿ ಬಿಟ್ಟರೆ, ನಿಮ್ಮ ಇಂಜಿನ್ ಆ ಕಿಟಕಿಯೊಳಗೆ ಕೆಲಸ ಮಾಡದಂತೆ ನೋಡಿಕೊಳ್ಳಿ. ಇಂಜಿನ್ ಆಫ್ ಮಾಡಿದಾಗಲೂ ಅದು ಎಲ್ಲಾ ವೇಗಗಳನ್ನೂ ದಾಟಿಯೇ ನಿಲ್ಲುತ್ತದೆ ಅನ್ನುವುದು ನೆನಪಿರಲಿ.

ನನ್ನ ಮೊದಲ ಮೇಜು ಯಾಕೆ ಕೆಟ್ಟಿತು

ಲೆಕ್ಕವೆಲ್ಲಾ ಸರಿಯಿತ್ತು. ಅಡ್ಡ ಸ್ಪ್ರಿಂಗಿನ ಎರಡೂ ತುದಿಗೆ ಕೀಲು ಬೇಕಲ್ಲ, ಕೈಗೆ ಸಿಕ್ಕ 8 ಮಿ.ಮೀ. ಬೋಲ್ಟ್ ಹಾಕಿದೆ. ಕೈಯಿಂದ ಒತ್ತಿದರೆ ಮೇಜು ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ಕಂಪ್ರೆಸರ್ ಹಾಕಿದೆ. ಮೈಕ್ರೋಸ್ಕೋಪಿನಲ್ಲಿ ಅಂಚು ಮೊದಲಿಗಿಂತ ಮಸುಕು! ಸ್ಪ್ರಿಂಗೇ ಇಲ್ಲದೆ ನೆಲದ ಮೇಲಿಟ್ಟ ಹಾಗೆ.

ಎರಡು ದಿನ ಸ್ಕ್ರೂ ತಿರುಗಿಸುತ್ತಾ ಕೂತಿದ್ದೆ. ಆಮೇಲೆ ಹೊಳೆದು ಲೆಕ್ಕ ಹಾಕಿದೆ. 10 ಕೆ.ಜಿ. ಮೇಜನ್ನು ನೆಲದ ಜೊತೆಗೇ ಅಲುಗಿಸಲು ಬೇಕಾದ ಬಲ 10 × 0.057, ಅಂದರೆ 0.57 ನ್ಯೂಟನ್. 58 ಗ್ರಾಂ ತೂಕದಷ್ಟು. ಕೀಲುಗಳ ಘರ್ಷಣೆ ಅದಕ್ಕಿಂತ ಜಾಸ್ತಿ ಇದ್ದರೆ ಮೇಜು ನೆಲಕ್ಕೆ ಅಂಟಿಕೊಂಡಂತೆಯೇ. ಬೋಲ್ಟಿನಲ್ಲಿ 103 ನ್ಯೂಟನ್ ಒತ್ತಡ, ಘರ್ಷಣೆಯ ಗುಣಾಂಕ 0.15, ತ್ರಿಜ್ಯ 4 ಮಿ.ಮೀ. ಎಂಟು ಕೀಲು ಸೇರಿ ಮೇಜಿನ ಮೇಲೆ ಸುಮಾರು 10 ನ್ಯೂಟನ್ ಹಿಡಿತ. ಬೇಕಾದದ್ದಕ್ಕಿಂತ ಹದಿನೇಳು ಪಟ್ಟು. ಕೈಯಿಂದ ಒತ್ತುವವನಿಗೆ ಒಂದು ಕೆ.ಜಿ. ಏನೂ ಅಲ್ಲ, ಹಾಗಾಗಿ ಬೆಣ್ಣೆ ಅನ್ನಿಸಿತ್ತು. ಕಂಪನಕ್ಕೆ ಅದು ಗೋಡೆ.

ಘರ್ಷಣೆಯೂ ನಾನ್‌ಲೀನಿಯರೇ. ಸ್ಪ್ರಿಂಗಿನ ನಾನ್‌ಲೀನಿಯರ್ ದೊಡ್ಡ ಅಲುಗಾಟದಲ್ಲಿ ಕಾಡಿದರೆ, ಘರ್ಷಣೆ ಸಣ್ಣ ಅಲುಗಾಟದಲ್ಲಿ ಕಾಡುತ್ತದೆ.

ಬೋಲ್ಟ್ ತೆಗೆದು 0.15 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ತೆಳು ತಗಡಿನ ಶಿಮ್ ಪಟ್ಟಿ ಹಾಕಿದೆ. ನಡುವೆ ಬಾಗಲು ಬಿಟ್ಟ ಜಾಗ 5 ಮಿ.ಮೀ. ಮಾತ್ರ, ಎರಡೂ ಬದಿ ಗಟ್ಟಿಯಾಗಿ ಕ್ಲ್ಯಾಂಪ್. ಪಟ್ಟಿ ಉಜ್ಜುವುದಿಲ್ಲ, ಬಾಗುತ್ತದೆ. ಅದಕ್ಕೆ ತನ್ನದೇ ಒಂದಿಷ್ಟು ಸ್ಟಿಫ್‌ನೆಸ್ ಇದೆ, ಎಂಟೂ ಸೇರಿ ಮಿ.ಮೀ.ಗೆ ಸುಮಾರು 0.7 ನ್ಯೂಟನ್. ಹಾಗಾಗಿ ಸ್ಕ್ರೂ ಲೆಕ್ಕಕ್ಕಿಂತ ಮುಕ್ಕಾಲು ಸುತ್ತು ಜಾಸ್ತಿ ಹೋಗುತ್ತದೆ. ಗಾಬರಿ ಬೇಡ.

ಟ್ಯೂನ್ ಮಾಡುವುದು

ಹೊಸ ಸ್ಪ್ರಿಂಗುಗಳನ್ನು ಮೊದಲು ಹತ್ತಿಪ್ಪತ್ತು ಸಲ ಪೂರ್ತಿ ಒತ್ತಿ ಬಿಡಿ. ಉದ್ದ ಸ್ವಲ್ಪ ಕಮ್ಮಿಯಾಗುವುದಿದ್ದರೆ ಈಗಲೇ ಆಗಿಹೋಗಲಿ. ಮೇಜಿಗೆ ಹಾಕಿದ ಮೇಲೆ ಅರ್ಧ ಮಿ.ಮೀ. ಕುಗ್ಗಿದರೂ 2 ಹರ್ಟ್ಸ್ 2.25 ಆಗುತ್ತದೆ. ಒತ್ತಿ ಆದಮೇಲೆ ಉದ್ದ ಅಳೆದು ಬರೆದಿಟ್ಟುಕೊಳ್ಳಿ.

ಅಡ್ಡ ಸ್ಕ್ರೂಗಳನ್ನು ಸಡಿಲವಾಗಿಟ್ಟು ಮೈಕ್ರೋಸ್ಕೋಪ್ ಕೂರಿಸಿ. ಕೆಳಗಿನ ಸ್ಕ್ರೂಗಳಿಂದ ಅಡ್ಡ ಸ್ಪ್ರಿಂಗುಗಳು ಸಮತಟ್ಟಾಗುವ ಹಾಗೆ ಎತ್ತರ ಸರಿಮಾಡಿ. ಆಮೇಲೆ ಎದುರುಬದುರು ಜೋಡಿಯಾಗಿ, ಕಾರಿನ ಚಕ್ರದ ನಟ್ ಬಿಗಿ ಮಾಡುವ ಕ್ರಮದಲ್ಲಿ, ಕಾಲು ಕಾಲು ಸುತ್ತು ತಿರುಗಿಸುತ್ತಾ ಬನ್ನಿ. ಮೊದಮೊದಲು ಫೋನಿನ ಆಪಿನಲ್ಲಿ ಅಳೆಯಿರಿ, ಕಣ್ಣಿಗೆ ಎಣಿಕೆ ಸಿಗುವುದಿಲ್ಲ. ಫೋನಿನ ತೂಕವೂ ಮೇಜಿನ ಮೇಲಿದೆ ಅನ್ನುವುದು ಮರೆಯಬೇಡಿ, ಎಣಿಸುವಾಗ ತೆಗೆದಿಡಿ. 3 ಹರ್ಟ್ಸ್ ಕೆಳಗೆ ಬಂದಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ 10 ಸೆಕೆಂಡಿನಲ್ಲಿ ಎಷ್ಟು ಸಲ ತೂಗಿತು ಎಣಿಸಿ. ಬೇಗ ನಿಂತುಬಿಟ್ಟರೆ 5 ಸೆಕೆಂಡ್ ಸಾಕು. 10 ಸೆಕೆಂಡಿಗೆ 20 ಆದರೆ 2 ಹರ್ಟ್ಸ್.

ಪ್ರತಿ ಕಾಲು ಸುತ್ತಿನ ನಂತರ ಎತ್ತರ ನೋಡಿ. ಎತ್ತರ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಮುಂದಿನ ಕಾಲು ಸುತ್ತು. 25 ಎಣಿಕೆಗೆ ಬಂದಮೇಲೆ ಕಾಲು ಸುತ್ತಿನ ಬದಲು ಅರೆಕಾಲು.

ತಟ್ಟಿದಾಗ ಮೇಜು ವಾಪಸ್ ನಡುವಿಗೆ ಬರದೆ ಮೇಲಿನ ತಡೆಗೋ ಕೆಳಗಿನ ತಡೆಗೋ ಒರಗಿ ಕೂತರೆ ಹದ ದಾಟಿದ್ದೀರಿ. ನಾಲ್ಕೂ ಸ್ಕ್ರೂ ಅರ್ಧ ಸುತ್ತು ಹಿಂದೆ ತಿರುಗಿಸಿ ಮತ್ತೆ ನೋಡಿ. ಬೇಕೆಂದೇ ಒಂದು ಸಲ ಹೀಗೆ ದಾಟಿಸಿ ನೋಡುವುದು ಒಳ್ಳೆಯದು. ನಿಮ್ಮ ಮೇಜಿನ ಪಲ್ಟಿ ಜಾಗ ಲೆಕ್ಕದಲ್ಲಲ್ಲ, ಸ್ಕ್ರೂ ಮೇಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಭಾರಿ ಮೆಷಿನಿಗೆ ಇಷ್ಟು ಜಾಗ ಇಲ್ಲದಿದ್ದರೆ ಬೆಲ್‌ವಿಲ್ ವಾಷರ್ ಬಳಸಬಹುದು, ತಟ್ಟೆಯ ಹಾಗೆ ಉಬ್ಬಿರುವ ಸ್ಪ್ರಿಂಗ್ ವಾಷರ್. ಒಳ ಉಬ್ಬಿನ ಎತ್ತರ ತಗಡಿನ ದಪ್ಪದ 1.41 ಪಟ್ಟಿದ್ದರೆ, ಚಪ್ಪಟೆಯಾಗುವ ಹತ್ತಿರ ಅದರ ಸ್ಟಿಫ್‌ನೆಸ್ ತಾನೇ ಸೊನ್ನೆಗೆ ಇಳಿಯುತ್ತದೆ. ಅಡ್ಡ ಸ್ಪ್ರಿಂಗೇ ಬೇಡ. 2.83 ಪಟ್ಟು ದಾಟಿದರೆ ಅದೂ ಟಿಕ್ ಅಂತ ಆ ಕಡೆಗೆ ಹಾರಿ ಅಲ್ಲೇ ಉಳಿಯುತ್ತದೆ. ಒಂದರ ಮೇಲೊಂದು ಪೇರಿಸಿದರೆ ಉಜ್ಜುವಿಕೆ ಮತ್ತೆ ಬರುತ್ತದೆ, ಬೋಲ್ಟಿನ ಕತೆ ನೆನಪಿರಲಿ.

ಟ್ಯೂನ್ ಮುಗಿದಮೇಲೆ ಲಾಕ್ ನಟ್ ಬಿಗಿ ಮಾಡಿ. ನಾವು ನಾಲ್ಕೂ ಸ್ಕ್ರೂ ತಲೆಯ ಮೇಲೆ, ಪಕ್ಕದ ಚೌಕಟ್ಟಿಗೂ ಸೇರಿ ಒಂದೇ ಗೆರೆಯಾಗುವ ಹಾಗೆ ಕೆಂಪು ನೇಲ್ ಪಾಲಿಶ್ ಎಳೆದಿದ್ದೇವೆ. ಯಾರಾದರೂ ಸುಮ್ನೆ ತಿರುಗಿಸಿದ್ದರೆ ಬೆಳಿಗ್ಗೆ ಬಂದ ತಕ್ಷಣ ಕಾಣುತ್ತದೆ.